ಕ್ಲಬ್ಬಿನ ಹುಟ್ಟಿಗೆ ಕಾಗದ ಕೇಳಿದ ಮಾವ

ನಮ್ಮ ಸೋದರಮಾವ ತಾವು ಹುಟ್ಟಿರುವುದನ್ನು ನಂಬಿದ್ದೇ ಜನನ ಪ್ರಮಾಣಪತ್ರ ಕೈಗೆ ಬಂದ ಮೇಲೆ ಎಂದು ನನ್ನ ಗಟ್ಟಿ ಅನುಮಾನ! ಧಾರವಾಡದವರು. ವಿಮಾ ಕಚೇರಿಯಲ್ಲಿ ಕ್ಲೇಮುಗಳನ್ನು ಪರಿಶೀಲಿಸುವ ಕೆಲಸ. ವಡೋದರಕ್ಕೆ ವರ್ಗವಾಗಿ ಬಂದು, ಅಲ್ಲೇ ನಿವೃತ್ತರಾಗಿ, ಮಂಜಲ್‌ಪುರ ಬಡಾವಣೆಯಲ್ಲಿ ಮನೆ ಮಾಡಿದರು. ಕಚೇರಿ ಅವರನ್ನು ಬಿಟ್ಟಿತು, ಅವರು ಕಚೇರಿಯನ್ನು ಬಿಡಲಿಲ್ಲ. ಅತ್ತೆ "ತಲಿ ನೋಯ್ಲಿಕ್ಕತ್ತದ" ಎಂದರೆ, "ಎಂದಿನಿಂದ? ಮೊದಲು ಯಾರಿಗೆ ತಿಳಿಸಿದಿ?" ಎಂದು ಕೇಳುವ ಮನುಷ್ಯ. ಇಷ್ಟು ವರ್ಷ ಅತ್ತೆ ಹೇಗೆ ಸಹಿಸಿದರೋ, ಆ ಶಿವನೇ ಬಲ್ಲ.

ಅವರ ಮನೆಯ ಹಿಂದೆ ಚರ್ಚಿನವರು ನಡೆಸುವ ಯುವಕರ ಕ್ಲಬ್ಬಿದೆ. ತಗಡಿನ ಮಾಡು, ಎರಡು ಕೇರಂ ಬೋರ್ಡು, ಮುಂದೆ ವಾಲಿಬಾಲ್ ಅಂಗಳ. ಹುಡುಗರ ಗದ್ದಲ ತಾಳದೆ ಮಾವ ಒಂದು ಸಂಜೆ ಮೂರು ಪುಟದ ದೂರು ಹಿಡಿದುಕೊಂಡು ಹೋದರು. ಕ್ಲಬ್ ನೋಡಿಕೊಳ್ಳುವ ಫಾದರ್ ಮಂಗಳೂರಿನವರು. ಮೂರೂ ಪುಟ ಓದಿ, ಕೊನೆಗೆ ಕನ್ನಡದ ಸಹಿ ನೋಡಿ, "ನಮ್ಮ ಊರಿನ ಕಡೆಯವರು ಅಂತ ಮೊದಲೇ ಹೇಳ್ಬಾರ್ದಾ ಮಾರಾಯ್ರೆ! ಒಂದು ಆಟ ಕೇರಂ ಆಡ್ತೀರಾ?" ಎಂದರಂತೆ. ಗುಜರಾತಿನಲ್ಲಿ ಅನಿರೀಕ್ಷಿತವಾಗಿ ಕನ್ನಡ ಕಿವಿಗೆ ಬಿದ್ದ ಮೇಲೆ ದೂರು ಎಲ್ಲಿ ಉಳಿದೀತು? ಮರುದಿನದಿಂದ ಆ ಕ್ಲಬ್ಬಿನಲ್ಲಿ ಎಲ್ಲರಿಗಿಂತ ಜೋರಾಗಿ ಕೂಗುವವರು ನಮ್ಮ ಮಾವನೇ!

ಹೀಗಿರುವಾಗ ಕ್ಲಬ್ಬಿಗೆ ಐವತ್ತು ವರ್ಷ ತುಂಬುವ ಸಂಭ್ರಮ ಬಂತು. "ಕ್ಲಬ್ಬಿನ ಇತಿಹಾಸದ ಪುಸ್ತಕ ನೀವೇ ಬರೆದುಕೊಡಿ" ಎಂದರು ಫಾದರ್. ಪಾಪ, ಅವರ ಜೀವನದಲ್ಲಿ ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿರಲಿಕ್ಕಿಲ್ಲ. ಮಾವ ಹಾಳೆಯ ನಡುವೆ ಗೆರೆ ಎಳೆದರು. ಎಡಕ್ಕೆ ಸಂಗತಿ, ಬಲಕ್ಕೆ ಪುರಾವೆ. ಅಹಮದಾಬಾದಿನ ನರೋಡಾದಲ್ಲಿ ನೌಕರಿ ಮಾಡುವ ನಾನು ಪ್ರತಿ ಭಾನುವಾರ ರೈಲು ಹತ್ತಿ ಬಂದು ಟೈಪ್ ಮಾಡಬೇಕು. ಏನನ್ನು ಟೈಪ್ ಮಾಡುವುದು? ಹಳೆಯ ರಿಜಿಸ್ಟರನ್ನು ಗೆದ್ದಲು ತಿಂದಿತ್ತು. ಕ್ಲಬ್ ಕಟ್ಟಿದವರು ಯಾರು ಎನ್ನುವ ಮೊದಲ ಸಾಲಿನಲ್ಲೇ ಇತಿಹಾಸ ಎರಡು ತಿಂಗಳು ನಿಂತುಬಿಟ್ಟಿತು.

ತಾವೇ ಕಟ್ಟಿದ್ದೆಂದು ಹೇಳಿಕೊಂಡು ಬಂದವರಿಗೇನೂ ಕಡಿಮೆಯಿರಲಿಲ್ಲ. ಒಬ್ಬರು ಹಳೆಯ ಫೋಟೋ ತಂದರು. ಅದರಲ್ಲಿ ವಾಲಿಬಾಲ್ ಆಡುತ್ತಿದ್ದವನ ಬೆನ್ನು ಮಾತ್ರ ಕಾಣುತ್ತಿತ್ತು. "ಇದು ನಾನೇ" ಎಂದರು. ಮಾವ ಅವರನ್ನು ಗೋಡೆಯ ಕಡೆ ತಿರುಗಿ ನಿಲ್ಲಿಸಿ, ಬೆನ್ನಿನ ಪಕ್ಕ ಫೋಟೋ ಹಿಡಿದು ನೋಡಿ, "ಹೊಂದೂದಿಲ್ಲ" ಎಂದು ಕಳಿಸಿಬಿಟ್ಟರು! ಇನ್ನೊಬ್ಬರು ತಮ್ಮ ಮದುವೆಯ ಆಮಂತ್ರಣ ಪತ್ರಿಕೆ ತಂದರು. ವರನ ಹೆಸರಿನ ಕೆಳಗೆ 'ಕ್ಲಬ್ ಸಂಸ್ಥಾಪಕ' ಎಂದು ಅಚ್ಚಾಗಿತ್ತು. "ಮದುವಿ ಪತ್ರಿಕಾದಾಗ ಎಲ್ಲಾರೂ ಚಿರಂಜೀವಿನೇ ಇರ್ತಾರ. ಅದನ್ನೂ ನಂಬಲೇನು?" ಎಂದರು ಮಾವ.

ಉಳಿದವರು ಎಲ್ಲರೂ ಕಾಕಾ ಎಂದು ಕರೆಯುತ್ತಿದ್ದ ಒಬ್ಬರೇ. ಮಕರಪುರದ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ದುಡಿದು ಮುದುಕರಾದ ಗುಜರಾತಿ ಕ್ರೈಸ್ತರು. ಹಾಸಿಗೆ ಹಿಡಿದಿದ್ದರು.

"ಹೆಚ್ಚು ದಿನ ಇಲ್ಲ ಅಂತ ಡಾಕ್ಟ್ರು ಹೇಳಿದ್ದಾರೆ. ಪುಸ್ತಕದಲ್ಲಿ ತನ್ನ ಹೆಸರು ಕೇಳಿ ಹೋಗ್ಬೇಕು ಅಂತ ಅವ್ರಿಗೆ ಆಸೆ. ಹಾಕಿಬಿಡಿ ಮಾರಾಯ್ರೆ" ಎಂದರು ಫಾದರ್.

"ಆಸೆ ಪುರಾವೆ ಅಲ್ರಿ ಫಾದರ್!"

ಆದರೂ ಆ ಭಾನುವಾರ ನನ್ನನ್ನೂ ಕರೆದುಕೊಂಡು ಕಾಕಾನ ಮನೆಗೆ ಹೊರಟರು. ಕಾಕಾ ಮಲಗಿದಲ್ಲಿಂದಲೇ ಗುಜರಾತಿಯಲ್ಲಿ ಮೆಲ್ಲಗೆ ಹೇಳಿದರು. "ಆಗ ಕ್ಲಬ್ಬೂ ಇರಲಿಲ್ಲ, ಮಾಡೂ ಇರಲಿಲ್ಲ. ಹುಡುಗರು ಬೀದಿಯಲ್ಲಿ ಸುಮ್ಮನೆ ಅಲೆಯುತ್ತಿದ್ದರು. ಗುಜರಿಯ ಪೈಪು ತಂದು ಎರಡು ಕಂಬ ನೆಟ್ಟೆ. ನೆಟ್ ಎಲ್ಲಿಂದ ತರುವುದು? ಮನೆಯಲ್ಲಿದ್ದ ಒಂದೇ ಮಂಚದ ಹುರಿ ಬಿಚ್ಚಿ ಹೆಣೆದುಬಿಟ್ಟೆ."

"ಇದಕ್ಕ ಏನರ ಕಾಗದ?" ಎಂದು ಮಾವ ಕೇಳಿಯೇಬಿಟ್ಟರು, ಕನ್ನಡ ತಿಳಿಯಲಿಲ್ಲವೆಂದು ಹಿಂದಿಯಲ್ಲಿ ಇನ್ನೊಮ್ಮೆ! ಭೂಮಿ ಬಾಯಿಬಿಡಬಾರದೇ ಅನಿಸಿತು ನನಗೆ.

ಚಹಾ ತಂದ ಕಾಕಾನ ಹೆಂಡತಿ ನಕ್ಕರು. "ಕಾಗದ ಎಲ್ಲಿಂದ ಬರಬೇಕು ಭಾಯಿ? ಆ ಮಳೆಗಾಲವೆಲ್ಲ ನಾನು ಒದ್ದೆ ನೆಲದ ಮೇಲೆ ಮಲಗಿದೆ. ಹುಡುಗರು ಆಡುತ್ತಿದ್ದಾರಲ್ಲ, ಇರಲಿ ಅಂದೆ."

ಮಾವ ಪೆನ್ನು ಜೇಬಿಗೆ ಸಿಕ್ಕಿಸಿದರು. ಚಹಾ ಆರಿಹೋಯಿತು. ಮನೆಗೆ ಬಂದವರೇ ಎಡಗಡೆ ಕಾಕಾನ ಹೆಸರು ಬರೆದು ನನ್ನ ಮುಂದಿಟ್ಟರು.

"ಮಾವ, ಬಲಗಡೆ ಏನು ಹಾಕಲಿ?"

"ಆ ತಾಯಿ ಮಳಿಗಾಲ ಪೂರ್ತಿ ನೆಲದ ಮ್ಯಾಲೆ ಮಲಗ್ಯಾಳ. ಅದನ್ನ ಹಾಕು."

ಅಷ್ಟು ವರ್ಷ ಒಂದು ಸಹಿ ಕಡಿಮೆಯಾದರೂ ಅರ್ಜಿ ವಾಪಸ್ ಕಳಿಸಿದ ಮನುಷ್ಯ! ನನಗೆ ಆ ಕ್ಷಣ ಅವರ ಮೇಲೆ ಬಂದಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ.

ಅಚ್ಚಾಗುವವರೆಗೆ ಕಾಯಲು ಮಾವನಿಗೆ ಧೈರ್ಯವಾಗಲಿಲ್ಲ. ಅದೇ ಸಂಜೆ ಟೈಪ್ ಮಾಡಿದ ಹಾಳೆ ಹಿಡಿದು ಮತ್ತೆ ಹೋದೆವು. ಮಾವ ಮಂಚದ ಅಂಚಿನಲ್ಲಿ ಕುಳಿತು, ಆ ಮೊದಲ ಸಾಲನ್ನು ತಮ್ಮ ಹರಕುಮುರುಕು ಗುಜರಾತಿಗೆ ತಿರುಗಿಸಿ ಓದಿದರು. ಕಾಕಾ ಕಣ್ಣು ಮುಚ್ಚಿಕೊಂಡೇ, ಇನ್ನೊಮ್ಮೆ ಎಂದು ಬೆರಳೆತ್ತಿದರು. ಓದಿದರು. ಮತ್ತೆ ಬೆರಳೆತ್ತಿದರು.

ಮೂರನೆಯ ಸಲ ಮಾವ ಕಾಗದ ನೋಡದೆಯೇ ಹೇಳಿದರು.