ಬುಟ್ಟಿಗೆ ಹಾಕಿದ ಹಾರ

ಬಹಳ ಹಿಂದೆ, ಅಂದರೆ ಮೈಕು ಬಂದ ಮೇಲೆ ಮತ್ತು ನಾಚಿಕೆ ಹೋದ ಮೇಲೆ, ಸನ್ಮಾನಾವತಿ ಎಂಬ ರಾಜ್ಯವೊಂದಿತ್ತು. ಅಲ್ಲಿ ವೇದಿಕೆ ಕಾರ್ಯಕ್ರಮವಿಲ್ಲದೆ ಏನೂ ಶುರುವಾಗುತ್ತಿರಲಿಲ್ಲ. ಕೊಳಾಯಿಗೆ ನೀರು ಬಿಡಬೇಕಾದರೂ ಮೊದಲು ದೀಪ ಬೆಳಗಬೇಕು, ಸ್ವಾಗತ ಕೋರಬೇಕು, ಶ್ರೀಮನ್ಮಹಾರಾಜ ಮಾಲಾಧರ ಭೂಪಾಲರಿಗೆ ಹಾರ ಹಾಕಬೇಕು, ಹಾರ ಹಾಕಿದವರಿಗೆ ಶಾಲು ಹೊದಿಸಬೇಕು, ಶಾಲು ಹೊದಿಸಿದವರಿಗೆ ನೆನಪಿನ ಕಾಣಿಕೆ ಕೊಡಬೇಕು. ನೀರು ಆಮೇಲೆ. ಅಷ್ಟರಲ್ಲಿ ಬಿಂದಿಗೆ ಹಿಡಿದು ನಿಂತ ಹೆಂಗಸರು ಊರಾಚೆಯ ಬಾವಿಗೆ ಹೋಗಿ ಸೇದಿಕೊಂಡು ಬಂದಿರುತ್ತಿದ್ದರು.

ಈ ರಾಜ್ಯದ ಅರಮನೆ ಕಾಲೇಜಿನಲ್ಲಿ ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲ್ ತಂಡವೊಂದಿತ್ತು. ಅದರ ಕೋಚ್ ಮಾಯಣ್ಣ. ಆತನ ಹುಡುಗಿಯರು ಚಕ್ರವರ್ತಿ ಟ್ರೋಫಿಯನ್ನು ವರ್ಷವರ್ಷವೂ ಹೊತ್ತು ತರುತ್ತಿದ್ದರು. ಇಡಲು ಜಾಗ ಸಾಲದೆ, ಒಂದರಲ್ಲಿ ಪ್ರಾಂಶುಪಾಲರು ತಮ್ಮ ಛತ್ರಿ ಇಟ್ಟುಕೊಂಡಿದ್ದರು.

ಆ ಗೆಲುವಿಗೂ ಒಂದು ಗುಟ್ಟಿತ್ತು. ಪಂದ್ಯ ನಾಲ್ಕು ಗಂಟೆಗೆ ಎಂದು ಡಂಗುರ ಸಾರುತ್ತಿದ್ದರು. ಆದರೆ ಮಹಾರಾಜರು ಬಂದು, ಹಾರ ತುರಾಯಿ ಮುಗಿದು, ಕಣ್ಣು ಮುಚ್ಚಿಕೊಂಡು ಭಾಷಣ ಮಾಡಿ ಮುಗಿಸುವ ವೇಳೆಗೆ ಹೊತ್ತು ಮುಳುಗುತ್ತಿತ್ತು. ಕಣ್ಣು ಮುಚ್ಚಿ ಮಾತಾಡಿದರೆ ಮಹಾರಾಜರು ಯೋಗಿಯಂತೆ ಕಾಣುತ್ತಾರೆಂದು ಯಾರೋ ಹೇಳಿದ್ದರು. ಅಂದಿನಿಂದ ಅವರು ತಮ್ಮ ಪ್ರಜೆಗಳನ್ನು ನೋಡಿರಲಿಲ್ಲ. ಭಾಷಣ ಮುಗಿಯುವವರೆಗೂ ಎರಡೂ ತಂಡಗಳು ಕೋರ್ಟಿನಲ್ಲಿ ಸಾಲಾಗಿ ಅಲ್ಲಾಡದೆ ನಿಂತಿರಬೇಕು. ಹೊರಗಿನಿಂದ ಬಂದ ಹುಡುಗಿಯರ ಕಾಲುಗಳು ಮರಗಟ್ಟಿ ಹೋಗುತ್ತಿದ್ದವು. ಮಾಯಣ್ಣ ಮಾತ್ರ ತನ್ನ ಹುಡುಗಿಯರಿಗೆ ಒಂದು ವಿದ್ಯೆ ಕಲಿಸಿದ್ದ: ಮುಖ ಮಹಾರಾಜರ ಕಡೆಗಿರಲಿ, ಮೈ ಕಂಬದಂತಿರಲಿ, ಬೂಟಿನೊಳಗೆ ಬೆರಳು ಮಾತ್ರ ಆಡುತ್ತಲೇ ಇರಲಿ, ಹಿಮ್ಮಡಿ ಕೂದಲೆಳೆಯಷ್ಟು ಎದ್ದು ಎದ್ದು ಇಳಿಯುತ್ತಿರಲಿ. ಯಾರಿಗೂ ಕಾಣದು. ವಂದನಾರ್ಪಣೆ ಮುಗಿದ ಮರುಕ್ಷಣ ಅವರು ಬಿಸಿಯಾದ ಕಾಲಿನಲ್ಲಿ ಕುದುರೆಗಳ ಹಾಗೆ ಚಿಮ್ಮುತ್ತಿದ್ದರು.

ಚಿಮ್ಮಿದ್ದನ್ನು ನೋಡುವವರೇ ಇರಲಿಲ್ಲ, ಅದು ಮಾಯಣ್ಣನ ಸಂಕಟ. ಹಳ್ಳಿಗಳ ಕಡೆಗೆ ಕೊನೆ ಬಸ್ಸು ಹೊತ್ತು ಮುಳುಗುವ ಮೊದಲೇ ಹೊರಡುತ್ತಿತ್ತು. ಜನ ಅರ್ಧ ಭಾಷಣ ಕೇಳಿ ಆಟ ಬಿಟ್ಟು ಹೋಗುತ್ತಿದ್ದರು. ಬರಬರುತ್ತಾ ಬರುವುದನ್ನೇ ಬಿಟ್ಟರು. ಗ್ಯಾಲರಿಯಲ್ಲಿ ಉಳಿದವಳು ಕಡ್ಲೆಕಾಯಿ ಮಾರುವ ಮಾದೇವಕ್ಕ ಒಬ್ಬಳೇ. ತಂಡದ ನಾಯಕಿ ಸಣ್ಣತಾಯಿ ಅರ್ಧ ಕೋರ್ಟಿನಿಂದ ಎಸೆದ ಚೆಂಡು ರಿಂಗನ್ನು ಮುಟ್ಟದೆ ಬುಟ್ಟಿಯೊಳಗೆ ಇಳಿದ ದಿನ, ಆ ಒಬ್ಬಳ ಚಪ್ಪಾಳೆ ಖಾಲಿ ಗ್ಯಾಲರಿಯಲ್ಲಿ ಪಟಪಟ ಅಂದು ಸುಮ್ಮನಾಯಿತು. ಮಾಯಣ್ಣ ಅಂದು ಊಟ ಮಾಡಲಿಲ್ಲ.

ಪಕ್ಕದ ಅರಿವಾಳ ರಾಜ್ಯದಿಂದ ಅವನಿಗೆ ಕರೆ ಬಂದದ್ದು ಆ ವಾರವೇ. ಅಲ್ಲಿ ವಿಷಲ್ ಊದಿದರೆ ಆಟ ಶುರುವಾಗುತ್ತದಂತೆ, ಜನ ಮರ ಹತ್ತಿ ಕೂತು ನೋಡುತ್ತಾರಂತೆ. ವಿಷಯ ಅರಮನೆಗೆ ಮುಟ್ಟಿ ತುರ್ತು ಸಚಿವ ಸಂಪುಟ ಸೇರಿತು. ಕ್ರೀಡಾಮಾತ್ಯ ತಥಾಸ್ತಯ್ಯನವರು, ಯಶಸ್ವಿ ಮಾನವ ಸಂಪನ್ಮೂಲ ಸೋರಿಹೋಗದಂತೆ ಒಂದು ರಿಟೆನ್ಷನ್ ಪಾಲಿಸಿ ಬೇಕೆಂದೂ, ಅದರ ಲೋಗೋ ಬಿಡುಗಡೆಗೆ ತಕ್ಷಣ ಸಮಾರಂಭವಾಗಬೇಕೆಂದೂ ಮಂಡಿಸಿದರು. ಮಹಾರಾಜರು ಮಾತ್ರ ಆ ಪ್ರಾಣಿಯನ್ನು ಒಮ್ಮೆ ನೋಡೋಣ ಎಂದರು.

“ಎಲೈ ತರಬೇತುದಾರನೆ,” ಎಂದು ಮಹಾರಾಜರು ಕಣ್ಣು ಮುಚ್ಚಿಕೊಂಡು ಕೇಳಿದರು, “ನಿನಗೆ ಏನು ಕಡಿಮೆಯಾಗಿದೆ? ರತ್ನಗಂಬಳಿಯೋ, ನಿವೇಶನವೋ, ರಾಜ್ಯ ಪ್ರಶಸ್ತಿಯೋ?”

“ಅದ್ಯಾವ್ದೂ ಬ್ಯಾಡ ಬುದ್ಧಿ,” ಅಂದ ಮಾಯಣ್ಣ. “ನಾಕ್ ಗಂಟೆ ಅಂದ್ರೆ ನಾಕ್ ಗಂಟ್ಗೇ ವಿಷಲ್ ಊದ್ಸಿ. ಜನ ತಾವಾಗೇ ಬತ್ತರೆ. ನಮ್ ಹೆಣ್ಮಕ್ಳು ಹೆಂಗ್ ಆಡ್ತವೆ ಅಂತ ಅವ್ರ ಅವ್ವ ಅಪ್ಪಾರೂ ಕಣ್ತುಂಬ ನೋಡ್ಲಿ. ಅಷ್ಟಾದ್ರೆ ನಾನ್ ಎಲ್ಗೂ ಹೋಗಲ್ಲ.”

ಮಹಾರಾಜರ ಮುಚ್ಚಿದ ಕಣ್ಣಿನಿಂದ ಒಂದು ಹನಿ ಇಳಿಯಿತು. ತಥಾಸ್ತಯ್ಯನವರು ಅದನ್ನು ಶಾಲಿನಲ್ಲಿ ಒತ್ತಿಕೊಂಡು, ಆ ಶಾಲನ್ನು ವಸ್ತುಸಂಗ್ರಹಾಲಯಕ್ಕೆ ಕಳಿಸಿದರು. ಆ ಸಂಜೆಯೇ ರಾಜಾಜ್ಞೆ ಹೊರಟಿತು: ಇನ್ನು ಮುಂದೆ ಪಂದ್ಯ ನಾಲ್ಕು ಗಂಟೆಗೆ ಸರಿಯಾಗಿ.

ಜನ ನಂಬಿದರು. ಎಷ್ಟು ಸಲ ಮೋಸ ಹೋದರೂ ನಂಬುವುದನ್ನು ಬಿಡದ ಜನ ಅವರು, ಬೈಯಬೇಡಿ, ನಾವೂ ನೀವೂ ಅಂಥವರೇ. ಅರಿವಾಳದ ತಂಡದ ಮೇಲೆ ಆಟವಿದ್ದ ದಿನ ಗ್ಯಾಲರಿ ತುಂಬಿ, ಕಾಂಪೌಂಡು ತುಂಬಿ, ಸಣ್ಣತಾಯಿಯ ಅಪ್ಪ ಗಾರೆ ಕೆಲಸ ಬಿಟ್ಟು, ಮೈಮೇಲಿನ ಸುಣ್ಣವನ್ನೂ ತೊಳೆಯದೆ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ. ಮಾದೇವಕ್ಕ ಖಾಲಿ ಬುಟ್ಟಿ ಬೋರಲು ಹಾಕಿ ತೋರಿಸಿದಳು. “ನೋಡ್ಲಾ ಮಾಯಣ್ಣ, ಒಂದ್ ಕಾಳೂ ಉಳೀನಿಲ್ಲ. ನೀನ್ ಎಲ್ಗಾದ್ರೂ ಹೋದೀಯ, ಹುಷಾರು.” ಮಾಯಣ್ಣ ನಕ್ಕು, ಅರಿವಾಳಕ್ಕೆ ಬರೆದಿಟ್ಟಿದ್ದ ಒಪ್ಪಿಗೆಯನ್ನು ಜೇಬಿನಲ್ಲೇ ಚೂರು ಚೂರು ಮಾಡಿದ.

ನಾಲ್ಕಾಯಿತು. ಅಂಪೈರು ವಿಷಲ್ ಬಾಯಿಗಿಟ್ಟ. ಅಷ್ಟರಲ್ಲಿ ಮೈಕು ಕೆಮ್ಮಿತು.

ನಾಲ್ಕು ಗಂಟೆಗೆ ಸರಿಯಾಗಿ ಪಂದ್ಯ ಆರಂಭಿಸುವ ಐತಿಹಾಸಿಕ ನಿರ್ಧಾರ ಕೈಗೊಂಡ ಮಹಾರಾಜರಿಗೆ ಪಂದ್ಯಕ್ಕೆ ಮುನ್ನ ಸಾರ್ವಜನಿಕ ಕೃತಜ್ಞತಾ ಸಮರ್ಪಣೆ ಇದೆ ಎಂದು ತಥಾಸ್ತಯ್ಯನವರು ಘೋಷಿಸಿದರು. ದೀಪ ಬಂತು. ಸಮಯಪಾಲನಾ ಸಾರ್ವಭೌಮ ಎಂಬ ಬಿರುದು ಬಂತು. ಮಹಾರಾಜರಿಗೆ ಹಾರ, ರಾಣಿಯವರಿಗೆ ಹಾರ, ಗಡಿಯಾರಕ್ಕೆ ಹಾರ. ಉಳಿದದ್ದನ್ನು ಏಣಿ ಹಾಕಿ ಬ್ಯಾಸ್ಕೆಟ್ಟಿನ ರಿಂಗಿಗೂ ಹಾಕಿಸಿದರು. ನೆರಳು ಉದ್ದವಾಗುತ್ತಾ ಬಂತು. ಜನ ಬಸ್ಸಿಗೆಂದು ಎದ್ದರು. ಅಭಿಮಾನಿಗಳು ಭಾವೋದ್ವೇಗದಲ್ಲಿ ಓಡಿ ಬಿದ್ದು ಗಾಯ ಮಾಡಿಕೊಳ್ಳಬಾರದೆಂಬ ಕಾಳಜಿಯಿಂದ ಗೇಟಿಗೆ ಬೀಗ ಹಾಕಿಸಲಾಯಿತು. ಮಹಾರಾಜರು ಕಣ್ಣು ಮುಚ್ಚಿ, “ಕಾಲವೆಂದರೇನು?” ಎಂದು ಆರಂಭಿಸಿದರು.

ಸಾಲಿನಲ್ಲಿ ನಿಂತಿದ್ದ ಸಣ್ಣತಾಯಿ ತುಟಿ ಅಲ್ಲಾಡಿಸದೆ ಪಕ್ಕದ ಮಾಯಣ್ಣನಿಗೆ ಅಂದಳು. “ಸಾ, ನಮ್ಮಪ್ಪ ಕುಂತವ್ನೆ ಸಾ. ಕತ್ಲಾದ್ರೆ ಅವುನ್ಗೆ ಕಣ್ ಕಾಣಲ್ಲ.”

ಮಾಯಣ್ಣ ಮುಂದಿನ ಸಾಲನ್ನು ನೋಡಿದ. ಸುಣ್ಣದ ಮೈ, ಮಡಿಲಲ್ಲಿ ಎರಡು ಕೈ. ಅಷ್ಟು ವರ್ಷ ಬೆರಳು ಆಡಿಸಿ ಬದುಕಿದ್ದು ಸಾಕು ಅನ್ನಿಸಿತು ಅವನಿಗೆ. ಅಂಪೈರಿನ ಕೊರಳಿಂದ ವಿಷಲ್ ಕಿತ್ತು ತಾನೇ ಊದಿದ.

ಆಮೇಲೆ ನಡೆದದ್ದನ್ನು ನೋಡಿದವರು ಇಂದಿಗೂ ಸರಿಯಾಗಿ ಹೇಳಲಾರರು. ಅತ್ತ ಭಾಷಣ, ಇತ್ತ ಆಟ. ಅರಿವಾಳದ ಹುಡುಗಿಯರು ಮರಗಟ್ಟಿದ ಕಾಲನ್ನೇ ಎಳೆದುಕೊಂಡು ಬಿದ್ದು ಎದ್ದು ಆಡಿದರು. ಚೆಂಡು ಆ ಕೈಯಿಂದ ಈ ಕೈಗೆ, ನೆಲಕ್ಕೆ, ಮತ್ತೆ ಕೈಗೆ. ಮಹಾರಾಜರು ಕಾಲವನ್ನು ನದಿಗೆ ಹೋಲಿಸುತ್ತಿದ್ದಾಗ ಸಣ್ಣತಾಯಿ ಇಬ್ಬರ ನಡುವೆ ನುಸುಳಿದಳು. ನದಿ ಸಾಗರ ಸೇರುವಾಗ ಅರ್ಧ ಕೋರ್ಟಿನಿಂದ ಎಸೆದಳು. ಚೆಂಡು ಹಾರ ಹಾಕಿದ ರಿಂಗಿನೊಳಗೆ ಇಳಿಯಿತು. ಗ್ಯಾಲರಿಗೆ ಗ್ಯಾಲರಿಯೇ ಎದ್ದು ನಿಂತು ಕೂಗಿತು. ಅವಳಪ್ಪ ಎರಡೂ ಕೈ ಮೇಲೆತ್ತಿ ನಿಂತುಬಿಟ್ಟ.

ಆ ಕೂಗಿಗೆ ಮಹಾರಾಜರು ಕಣ್ಣು ತೆರೆದರು. ಎಷ್ಟೋ ವರ್ಷಗಳ ನಂತರ ಅವರಿಗೆ ಪ್ರಜೆಗಳು ಕಂಡರು, ಎಲ್ಲರೂ ನಿಂತಿದ್ದರು, ಹಲವರು ಅಳುತ್ತಿದ್ದರು. ಹರಿದ ಹಾರವನ್ನು ಸುತ್ತಿಕೊಂಡ ಚೆಂಡು ಉರುಳುತ್ತಾ ಬಂದು ಅವರ ಪಾದದ ಬಳಿ ನಿಂತಿತು.

“ಮಹಾಪ್ರಭು,” ಎಂದು ತಥಾಸ್ತಯ್ಯನವರು ಗದ್ಗದಿತರಾದರು, “ಜಡವಸ್ತುವೂ ಮಾಲೆ ಧರಿಸಿ ಸನ್ಮಾನಕ್ಕೆ ಬಂದಿತು. ಇಷ್ಟು ಜನ ಬಂದದ್ದು ಯಾರಿಗಾಗಿ ಎಂದು ಈಗಲಾದರೂ ತಿಳಿಯಿತೆ?”

ತಿಳಿಯಿತು ಎಂದರು ಮಹಾರಾಜರು.

ಮರುದಿನದ ಆಜ್ಞೆಯಲ್ಲಿ ಯಾವ ಗೊಂದಲವೂ ಇರಲಿಲ್ಲ. ಭಾಷಣಕ್ಕೆ ಅಡ್ಡಿಯಾಗುವ ಆಟವನ್ನು ಕಾರ್ಯಕ್ರಮಪಟ್ಟಿಯಿಂದ ಕೈಬಿಡಲಾಯಿತು. ಮಾಯಣ್ಣನನ್ನು ರಾಜ್ಯದ ಜೀವಂತ ಸ್ಮಾರಕವೆಂದು ಸಾರಿ, ಗಡಿ ದಾಟದಂತೆ ಕಾವಲಿಟ್ಟು, ವೇದಿಕೆಯ ಎಡಗಡೆ ಅವನಿಗೆ ಖಾಯಂ ಕುರ್ಚಿ ಹಾಕಲಾಯಿತು. ಸ್ಮಾರಕಕ್ಕೆ ಸದ್ದು ಶೋಭಿಸದೆಂದು ವಿಷಲ್ ಕಿತ್ತುಕೊಂಡರು. ಹುಡುಗಿಯರಿಗೆ ಒಂದೇ ಬಣ್ಣದ ಸೀರೆ ಉಡಿಸಿ, ಹಾರದ ತಟ್ಟೆ ಹಿಡಿಯುವ ಕೆಲಸ ಕೊಟ್ಟರು. ಫ್ಯಾನ್ ಎಂಗೇಜ್‌ಮೆಂಟ್ ಕಾಯ್ದೆಯ ಪ್ರಕಾರ ಮನೆಗೊಬ್ಬರು ಟಿಕೆಟ್ ಕೊಂಡು ಗ್ಯಾಲರಿಯಲ್ಲಿ ಕೂರಲೇಬೇಕು, ಇಲ್ಲದಿದ್ದರೆ ರೇಷನ್ ಇಲ್ಲ. ಮುಂದಿನ ಸಮಾರಂಭಕ್ಕೆ ಸಣ್ಣತಾಯಿಯ ಅಪ್ಪ ಕೂಲಿ ಬಿಟ್ಟು ಬಂದು ಕೂತ. ಮಗಳು ತಟ್ಟೆ ಹಿಡಿದು ನಿಂತದ್ದನ್ನು ಅವನು ಬೆಳಕಿದ್ದಾಗಲೇ ನೋಡಿದ, ಕಣ್ತುಂಬ.

ಮಹಾರಾಜರು ಕಣ್ಣು ಮುಚ್ಚಿದರು. ಶಾಲಿನ ಮೇಲೆ ಶಾಲು ಹೊದ್ದು ಕೂತ ಮಾಯಣ್ಣನ ಮುಖ ಮಹಾರಾಜರ ಕಡೆಗಿತ್ತು, ಮೈ ಕಂಬದಂತಿತ್ತು. ಚಪ್ಪಲಿಯೊಳಗೆ ಬೆರಳು ಆಡುತ್ತಿತ್ತು. ತಟ್ಟೆ ಹಿಡಿದ ಹುಡುಗಿಯರ ಹಿಮ್ಮಡಿ ಸೀರೆಯ ನೆರಿಗೆಯೊಳಗೆ ಏಳುತ್ತಿತ್ತು, ಇಳಿಯುತ್ತಿತ್ತು. ಅವರನ್ನು ನೋಡಿ ಮಾದೇವಕ್ಕ ಶುರುಮಾಡಿದಳು, ಅವಳನ್ನು ನೋಡಿ ಗಾರೆಯವನು, ಅವನ ಹಿಂದಿನ ಸಾಲು, ಅದರ ಹಿಂದಿನದು. ಇಡೀ ಗ್ಯಾಲರಿಯ ಹಲಗೆ ಸಣ್ಣಗೆ ನಡುಗತೊಡಗಿತು.

ಮಹಾರಾಜರಿಗೆ ಪಾದದಡಿಯ ನಡುಕ ತಿಳಿಯಿತು. ಏನೆಂದು ಕೇಳಿದರು. ತಮ್ಮ ಮಾತಿಗೆ ನೆಲವೇ ರೋಮಾಂಚನಗೊಂಡಿದೆ ಪ್ರಭು, ಎಂದರು ತಥಾಸ್ತಯ್ಯ.

ಆ ವರ್ಷದ ಬಜೆಟ್ಟಿನಲ್ಲಿ ಗ್ಯಾಲರಿ ದುರಸ್ತಿಗೆಂದು ಉಪ್ಪಿನ ಮೇಲೆ ರೋಮಾಂಚನ ಸೆಸ್ ಹಾಕಿದರು. ಅದನ್ನೂ ಜನರೇ ಕಟ್ಟಿದರು, ಸಾಲಿನಲ್ಲಿ ನಿಂತು, ಬೆರಳು ಆಡಿಸುತ್ತಾ.