ಪರೀಕ್ಷಾ ಕರೆಯಲ್ಲಿ ಒಡಹುಟ್ಟಿದವರು ಜಗಳವಾಡುವ ಬಗ್ಗೆ

ರಫ್ತು ನಿಯಮ ಪಾಲನಾ ವಿಭಾಗ
ಸೊರೆಂಟೊ ವ್ಯಾಲಿ, ಸ್ಯಾನ್ ಡಿಯಾಗೊ

ಸಂಖ್ಯೆ: ರನಿಪಾ/ದೂರಸಂಪರ್ಕ/ಜಗಳ/2023

ವಿಷಯ: ನಿರ್ಬಂಧಿತ ದೇಶಕ್ಕೆ ದೂರಸಂಪರ್ಕ ಉಪಕರಣ ಕಳಿಸಲು ಇದ್ದ ತಡೆ ಸಡಿಲಗೊಂಡ ತರುವಾಯ, ಪರೀಕ್ಷಾ ಕರೆಗಳಲ್ಲಿ ನೌಕರರು ತಮ್ಮ ಒಡಹುಟ್ಟಿದವರೊಂದಿಗೆ ಜಗಳವಾಡುವ ವಿಧಾನ ಕುರಿತು.

ಉಲ್ಲೇಖ: (1) ವ್ಯಾಪಾರ ನಿರ್ಬಂಧ ಸಡಿಲಿಸಿದ ಸರ್ಕಾರಿ ಆದೇಶ.
(2) ನಿನ್ನೆ ಪರೀಕ್ಷಾ ಕೊಠಡಿಯಲ್ಲಿ ನಡೆದದ್ದು.

ಪ್ರಸ್ತಾವನೆ:

ಉಲ್ಲೇಖ (1)ರಂತೆ, ಆ ದೇಶದ ಸಾಮಾನ್ಯ ಜನರಿಗೆ ಫೋನು, ಇಂಟರ್ನೆಟ್ ಒದಗಿಸುವ ಉಪಕರಣಗಳನ್ನು ಕಳಿಸಲು ಈಗ ಅನುಮತಿ ಇರುತ್ತದೆ. ನಮ್ಮ ಕಂಪನಿಯ ಮೊದಲ ಪೆಟ್ಟಿಗೆಗಳು ಅಲ್ಲಿನ ಒಂದು ಬಂದರು ಪಟ್ಟಣದ ಅಂಚೆ ಕಚೇರಿ ತಲುಪಿ, ಗೋಪುರವೇರಿ, ನಿನ್ನೆ ಮೊದಲ ಪರೀಕ್ಷಾ ಕರೆಗೆ ಸಿದ್ಧವಾಗಿದ್ದವು. ಪರೀಕ್ಷೆ ಪಾಸಾದರೆ ಇಡೀ ಪಟ್ಟಣಕ್ಕೆ ಲೈನು, ಫೇಲಾದರೆ ಪೆಟ್ಟಿಗೆಗಳು ವಾಪಸ್ಸು ಎಂಬುದು ಪರವಾನಗಿಯ ಷರತ್ತು. ಕರೆಯನ್ನು ಆಲಿಸುತ್ತ, ನಿಯಮಬಾಹಿರ ಮಾತು ಬಂದ ಕೂಡಲೇ ಲೈನು ಕತ್ತರಿಸುವ ಗುಂಡಿಯ ಮೇಲೆ ಬೆರಳಿಟ್ಟು ಕೂರುವ ಹೊಣೆ ವಿಭಾಗದ ಮುಖ್ಯಸ್ಥರಾದ ಶ್ರೀ ಚನ್ನವೀರ (ಮುಂದೆ ‘ಕೆಳಸಹಿದಾರರು’) ಅವರದಾಗಿತ್ತು. ಸದರಿ ಬೆರಳು ಏನಾಯಿತೆಂಬ ಬಗ್ಗೆ ಕ್ಯಾಂಟೀನಿನಲ್ಲಿ ತರಾವರಿ ಸುದ್ದಿ ಹಬ್ಬಿರುವುದರಿಂದ, ನಡೆದದ್ದನ್ನು ನಡೆದಂತೆ ದಾಖಲಿಸಿ ಈ ಕೆಳಗಿನಂತೆ ನಿಯಮಿಸಲಾಗಿದೆ.

1. ದೇಶದ ಹೆಸರು ಹೇಳುವ ಬಗ್ಗೆ: ಇಷ್ಟು ವರ್ಷ ಈ ವಿಭಾಗದಲ್ಲಿ ಆ ದೇಶದ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹಳೇ ಕಾಲದ ಹೆಂಗಸರು ಗಂಡನ ಹೆಸರು ಹೇಳಲು ನಾಚಿದಂತೆ ‘ಅದು’, ‘ಆ ಕಡೆಯದು’ ಎಂದೇ ಕೆಲಸ ಸಾಗಿಸಲಾಗಿದೆ. ಇನ್ನು ಮುಂದೆ ಹೆಸರನ್ನು ಸ್ಪಷ್ಟವಾಗಿ ಉಚ್ಚರಿಸತಕ್ಕದ್ದು. ಕರಡು ತಯಾರಿಸಿದವರ ನಾಲಿಗೆ ಇನ್ನೂ ಹೊರಳದ ಕಾರಣ ಈ ಸುತ್ತೋಲೆಗೆ ಮಾತ್ರ ವಿನಾಯಿತಿ ನೀಡಲಾಗಿದೆ.

2. ಉಡುಪಿನ ಬಗ್ಗೆ: ಕರೆ ಮಾಡಲು ನೇಮಿಸಲಾಗಿದ್ದ ಶ್ರೀಮತಿ ಹರಿಣಿ ಅವರು ಯಾವಾಗಲೂ ಜೀನ್ಸ್ ತೊಟ್ಟು ಬರುವವರು, ನಿನ್ನೆ ರೇಷ್ಮೆ ಸೀರೆ ಉಟ್ಟು, ಮುಡಿಗೆ ಹೂವನ್ನೂ ಮುಡಿದು ಹಾಜರಾದರು. “ಏನವಾ ಹರಿಣಿ, ಯಾರ ಮದುವಿ?” ಎಂದು ಕೆಳಸಹಿದಾರರು ವಿಚಾರಿಸಲಾಗಿ, “ಸರ್, ನನ್ನ ತಮ್ಮ ಆ ಊರಲ್ಲೇ ಇರುದು. ಅವನ ಸ್ವರ ಕೇಳದೆ ವರ್ಷಗಟ್ಟಲೆ ಆಯ್ತು. ಅಂಚೆ ಕಚೇರಿ ಹತ್ರ ಬಂದಿದ್ರೂ ಬಂದಿರ್ಬಹುದು ಅಂತ,” ಎಂದು ಉಡುಪಿಯ ಕಡೆಯವರಾದ ಅವರು ಉತ್ತರಿಸಿದರು. ಹಡಗಿನ ಎಂಜಿನಿಯರಾಗಿದ್ದ ಅವರ ತಮ್ಮ ಶ್ರೀ ಪ್ರವೀಣ ಅವರು, ಹಡಗು ಕೆಟ್ಟು ಆ ಬಂದರಿನಲ್ಲಿ ನಿಂತಾಗ ಅಲ್ಲಿನ ಶಾಲಾ ಶಿಕ್ಷಕಿಯೊಬ್ಬರನ್ನು ಕಂಡು, ಹಡಗು ರಿಪೇರಿಯಾಗಿ ಹೊರಟರೂ ತಾವು ಹೊರಡದೆ ಉಳಿದವರು. ಈ ವಿಭಾಗದ ನೌಕರರು ಆ ದೇಶಕ್ಕೆ ಖಾಸಗಿಯಾಗಿ ಫೋನು ಮಾಡಕೂಡದೆಂಬ ನಿಯಮವಿತ್ತು. ಶ್ರೀಮತಿ ಹರಿಣಿ ಅದನ್ನು ಚಾಚೂ ತಪ್ಪದೆ ಪಾಲಿಸಿದ್ದರು. ಇನ್ನು ಮುಂದೆ ಧ್ವನಿ ಮಾತ್ರ ಹೋಗುವ ಕರೆಗಳಿಗೂ ರೇಷ್ಮೆ ಸೀರೆಯನ್ನು ಅಧಿಕೃತ ಪರೀಕ್ಷಾ ಉಡುಪೆಂದು ಪರಿಗಣಿಸಲಾಗುವುದು.

3. ಎಣಿಕೆಯ ಬಗ್ಗೆ: ಪರವಾನಗಿಯಂತೆ ಕರೆಯಲ್ಲಿ ಒಂದರಿಂದ ಹತ್ತರವರೆಗೆ ಎಣಿಸುವುದನ್ನು ಬಿಟ್ಟು ಬೇರೆ ಮಾತಿಗೆ ಅವಕಾಶವಿರಲಿಲ್ಲ. ಶ್ರೀಮತಿ ಹರಿಣಿ “ಒನ್, ಟೂ, ತ್ರೀ” ಎಂದಾಗ ಆ ಕಡೆಯಿಂದ ಅಂಚೆ ಕಚೇರಿಯವರ ದನಿಯ ಬದಲು, “ನಾಲ್ಕು, ಐದು... ಅಕ್ಕಾ! ನಿನ್ನ ಸ್ವರ ಎಂತ ದಪ್ಪ ಆಗಿದೆ ಮಾರಾಯ್ತಿ! ಶೀತವಾ?” ಎಂಬ ಗಂಡುಧ್ವನಿ ಬಂತು. ಶ್ರೀ ಪ್ರವೀಣ ಅವರು ಬೆಳಗಿನಿಂದಲೂ ಅಲ್ಲೇ ಕಾದು ನಿಂತಿದ್ದು, ಫೋನನ್ನು ಸಿಬ್ಬಂದಿಯ ಕೈಯಿಂದ ಕಿತ್ತುಕೊಂಡಿದ್ದರೆಂದು ಆಮೇಲೆ ತಿಳಿದುಬಂದಿದೆ. ಶೀತ ವಿಚಾರಿಸುವುದು ಎಣಿಕೆಯಲ್ಲವಾದ್ದರಿಂದ ಕೆಳಸಹಿದಾರರು ಗುಂಡಿ ಒತ್ತಬೇಕಿತ್ತು. ಒತ್ತಲಿಲ್ಲ. ಇನ್ನು ಮುಂದೆ ‘ಐದು’ ಮತ್ತು ‘ಆರು’ ಇವುಗಳ ನಡುವೆ ಆರೋಗ್ಯ ವಿಚಾರಿಸಲು ಅವಕಾಶ ಕಲ್ಪಿಸಲಾಗಿದೆ.

4. ಜಗಳದ ಬಗ್ಗೆ: ಹತ್ತರವರೆಗಿನ ಎಣಿಕೆ ಮುಗಿದ ಮೇಲೆ, ಧ್ವನಿ ತಂತ್ರಜ್ಞರಾದ ಶ್ರೀ ಅರವಿಂದ ಅವರು, “ಇಷ್ಟು ಸಾಲಲ್ಲ ಸರ್. ಜೋರು ದನಿ, ಮೆಲ್ಲನೆ ದನಿ, ಇಬ್ಬರೂ ಒಟ್ಟಿಗೇ ಮಾತಾಡೋದು ಎಲ್ಲ ಟೆಸ್ಟ್ ಆಗ್ಬೇಕು,” ಎಂದು ತಾಂತ್ರಿಕ ಆಕ್ಷೇಪಣೆ ಎತ್ತಿದರು. ಅಕ್ಕ ತಮ್ಮ ಇಬ್ಬರೂ ಮತ್ತೆ ಒಂದರಿಂದ ಎಣಿಸತೊಡಗಿದರು. ಆಗ ಕೆಳಸಹಿದಾರರು ಗಂಟಲು ಸರಿಮಾಡಿಕೊಂಡು, “ಲೈನ್ ಗಟ್ಟಿ ಐತೋ ಇಲ್ಲೋ ಗೊತ್ತಾಗ್ಬೇಕಂದ್ರ ಒಂದ್ ಜಗಳಾ ಆಗ್ಬೇಕು. ಜಗಳಾ ತಡೀತಂದ್ರ ಏನ್ ಬೇಕಾದ್ರೂ ತಡೀತೈತಿ. ಹೂಂ, ಶುರು ಮಾಡವಾ,” ಎಂದು ಮೌಖಿಕ ಆದೇಶ ನೀಡಿದರು. ಸದರಿ ಆದೇಶವನ್ನು ಈ ಮೂಲಕ ಸ್ಥಿರೀಕರಿಸಲಾಗಿದೆ.

ಆದೇಶಕ್ಕೆ ಕಾದಿದ್ದವರಂತೆ ಶ್ರೀಮತಿ ಹರಿಣಿ ಸೆರಗು ಸೊಂಟಕ್ಕೆ ಸಿಕ್ಕಿಸಿದರು.

“ನೀನು ಮದುವೆ ಆದದ್ದು ನನಗೆ ಫೋಟೊ ನೋಡಿ ಗೊತ್ತಾಗುದಾ? ಅಕ್ಕ ಅಂತ ಒಬ್ಳು ಇದ್ದಾಳೆ ಅಂತ ನೆನಪಾದ್ರೂ ಉಂಟಾ ನಿಂಗೆ?”

“ಹೇಳ್ಲಿಕ್ಕೆ ಲೈನ್ ಎಲ್ಲಿತ್ತು ಮಾರಾಯ್ತಿ? ಈ ಊರಿನವ್ರು ನಿನ್ನ ಕಂಪನಿ ಹತ್ರ ಮೆಷಿನ್ ಕೇಳಿ ಕೇಳಿ ಸಾಕಾಯ್ತು. ‘ಅನುಮತಿ ಇಲ್ಲ’ ಅಂತ ಸೀಲು ಹೊಡೆದದ್ದು ಯಾರು? ನೀನೇ ಅಲ್ವಾ?”

“ಸೀಲು ಹೊಡೆದದ್ದು ನಾನು. ನಿಯಮ ಮಾಡಿದ್ದೂ ನಾನಾ?”

ಸೀಲು ಹೊಡೆಯಲು ಹೇಳಿದವರು ಕೆಳಸಹಿದಾರರೇ ಆಗಿದ್ದುದರಿಂದ, ಈ ಹಂತದಲ್ಲಿ ಅವರು ಮೇಜಿನ ಕಾಲು ಅಲುಗಾಡುತ್ತಿದೆಯೇ ಎಂದು ಬಗ್ಗಿ ಪರಿಶೀಲಿಸುತ್ತಿದ್ದರು. ಅಲುಗಾಡುತ್ತಿರಲಿಲ್ಲ. ಮೇಲೆ ಅಕ್ಕ ತಮ್ಮಂದಿರಿಬ್ಬರೂ ಒಟ್ಟಿಗೇ ಕಿರುಚುತ್ತಿದ್ದರು. ಒಂದಕ್ಷರವೂ ಕಡಿದುಹೋಗದಿದ್ದುದನ್ನು ಕಂಡು ಶ್ರೀ ಅರವಿಂದ ಖುಷಿಯಿಂದ ಕುರ್ಚಿ ಸಮೇತ ಒಂದು ಸುತ್ತು ತಿರುಗಿದರು. ಇನ್ನು ಮುಂದೆ ಎಲ್ಲ ಪರೀಕ್ಷಾ ಕರೆಗಳಲ್ಲೂ ಜಗಳ ಕಡ್ಡಾಯವಾಗಿರುತ್ತದೆ. ಒಡಹುಟ್ಟಿದವರು ಇಲ್ಲದ ನೌಕರರು ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳೊಂದಿಗೆ ಜಗಳವಾಡಬಹುದು. ಗಂಡ ಹೆಂಡಿರ ಜಗಳವನ್ನು ಮಾತ್ರ ಪರೀಕ್ಷೆಯೆಂದು ಪರಿಗಣಿಸಲಾಗದು. ಅದರ ಫಲಿತಾಂಶ ಮೊದಲೇ ಗೊತ್ತಿರುತ್ತದೆ.

5. ಸದ್ದಿನ ಬಗ್ಗೆ: ಇದ್ದಕ್ಕಿದ್ದಂತೆ ಆ ಕಡೆ ಮಾತು ನಿಂತಿತು. ಶ್ರೀಮತಿ ಹರಿಣಿ ಗಾಬರಿಯಿಂದ, “ಹಲೋ? ಪ್ರವೀಣಾ? ಸರ್, ಕಟ್ ಮಾಡಿದ್ರಾ?” ಎಂದು ಕೇಳಿದರು. ಕೆಳಸಹಿದಾರರು ಎರಡೂ ಕೈ ಮೇಲೆತ್ತಿ ತೋರಿಸಿದರು. ಲೈನಿನಲ್ಲಿ ಗೊರಗೊರ ಸದ್ದು ಕೇಳಿಸಿತು. ಶ್ರೀ ಅರವಿಂದ ಇದು ಗೋಪುರದ ಕಡೆಯ ದೋಷವೆಂದರು. ಪೆಟ್ಟಿಗೆಗಳು ವಾಪಸ್ಸು ಬರುವುದು ಖಚಿತವೆಂದು ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಿರುವಾಗ, ಒಂದು ಪುಟ್ಟ ಹೆಣ್ಣುಮಗುವಿನ ದನಿ ಸ್ಪಷ್ಟ ಕನ್ನಡದಲ್ಲಿ ಹೇಳಿತು:

“ಅತ್ತೇ, ಅಪ್ಪ ಅಳುದು. ಮೂಗು ಶರ್ಟಿಗೆ ಒರೆಸಿದ್ರು.”

ಶ್ರೀಮತಿ ಹರಿಣಿ ತಮ್ಮನ ಮಗಳ ದನಿಯನ್ನು ಮೊದಲ ಬಾರಿಗೆ ಕೇಳುತ್ತಿದ್ದರು. ಅವರು ಅಳುತ್ತಲೂ ನಗುತ್ತಲೂ, “ಅತ್ತೆ ಅಂತ ಇನ್ನೊಮ್ಮೆ ಹೇಳು ಪುಟ್ಟಾ,” ಎಂದರು. ಮಗು ಹೇಳಿತು. ಮತ್ತೂ ಹೇಳಿತು. ಖುಷಿ ಬಂದು ಹಾಡಿನಂತೆ ಹೇಳತೊಡಗಿತು. ಹಿಂದಿನಿಂದ ಅಂಚೆ ಕಚೇರಿಯ ಜನರೆಲ್ಲ ಅರ್ಥ ಗೊತ್ತಿಲ್ಲದೆಯೇ “ಅತ್ತೆ, ಅತ್ತೆ” ಎಂದು ಚಪ್ಪಾಳೆ ತಟ್ಟುವುದು ಕೇಳಿಸಿತು. ಕೆಳಸಹಿದಾರರ ಕಣ್ಣಲ್ಲಿ ಕಂಡ ನೀರು ಕೊಠಡಿಯ ಏಸಿಯಿಂದ ಬಂದದ್ದೆಂದು ಸ್ಪಷ್ಟಪಡಿಸಲಾಗಿದೆ. ಏಸಿ ಆಗ ಆಫ್ ಆಗಿತ್ತೆಂಬ ಶ್ರೀ ಅರವಿಂದ ಅವರ ಹೇಳಿಕೆಯನ್ನು ಕಡತದಿಂದ ತೆಗೆಯಲಾಗಿದೆ. ಇನ್ನು ಮುಂದೆ ಅಳುವನ್ನು ತಾಂತ್ರಿಕ ದೋಷವೆಂದು ದಾಖಲಿಸತಕ್ಕದ್ದಲ್ಲ. ಪರೀಕ್ಷೆ ಪಾಸಾಗಿದೆ. ಪಟ್ಟಣಕ್ಕೆ ಲೈನು ನೀಡಲಾಗಿದೆ.

6. ದೇಶದೊಳಗಿನ ಕರೆಗಳ ಬಗ್ಗೆ: ಸಂಜೆ ಎಲ್ಲರೂ ತೆರಳಿದ ಮೇಲೆ ಕೆಳಸಹಿದಾರರು ಪಾರ್ಕಿಂಗಿನಲ್ಲಿ ಕಾರಿನೊಳಗೆ ಕೂತು, ಹೊರಡದೆ ಬಹಳ ಹೊತ್ತು ಇದ್ದರು. ಅವರ ಸ್ವಂತ ತಮ್ಮ ಕಾರಿನಲ್ಲಿ ಎರಡು ಗಂಟೆ ದಾರಿಯ ಲಾಂಗ್ ಬೀಚ್‌ನಲ್ಲಿದ್ದು, ತನ್ನ ಮನೆಯ ಗೃಹಪ್ರವೇಶಕ್ಕೆ ಅಣ್ಣನಿಗೆ ಫೋನು ಮಾಡದೆ ಎಲ್ಲರಂತೆ ವಾಟ್ಸಾಪ್‌ನಲ್ಲಿ ಕರೆದ ಕಾರಣಕ್ಕೆ ಇಬ್ಬರಲ್ಲೂ ಮಾತು ನಿಂತಿತ್ತು. ಸ್ಯಾನ್ ಡಿಯಾಗೊ ಮತ್ತು ಲಾಂಗ್ ಬೀಚ್ ನಡುವೆ ಯಾವುದೇ ವ್ಯಾಪಾರ ನಿರ್ಬಂಧ ಜಾರಿಯಲ್ಲಿಲ್ಲವೆಂಬುದನ್ನು ಅವರು ಮನಸ್ಸಿನಲ್ಲೇ ಪರಿಶೀಲಿಸಿಕೊಂಡು ಕರೆ ಮಾಡಿದರು. ರಿಂಗಾದ ಕೂಡಲೇ ತಮ್ಮ ಫೋನೆತ್ತಿ, “ಅಣ್ಣಾ? ಏನಾತೋ? ಯಾರರ ಹೋದ್ರೇನು?” ಎಂದು ಕೇಳಿದ.

“ಯಾರೂ ಹೋಗಿಲ್ಲೋ ಮಾರಾಯಾ. ನಿನ್ ಕೂಡ ಒಂದ್ ಜಗಳಾ ಮಾಡೂದೈತಿ. ಈಗ ಪುರುಸೊತ್ತೈತೇನು?”

ಆ ಕಡೆ ಟಿವಿ ಆರಿಸಿದ್ದು ಕೇಳಿಸಿತು. ಆಮೇಲೆ, “ತಡಿ, ಕುರ್ಚಿ ತಗೊಂಡ್ ಕುಂದರ್ತೀನಿ,” ಎಂದು ಉತ್ತರ ಬಂತು. ಮುಂದಿನ ಮಾತುಗಳು ಖಾಸಗಿಯಾಗಿರುವುದರಿಂದ ದಾಖಲಿಸಲಾಗಿಲ್ಲ. ಪಾರ್ಕಿಂಗಿನ ಕಾವಲುಗಾರ ಎರಡು ಬಾರಿ ಬಂದು ಕಿಟಕಿ ತಟ್ಟಿ ವಿಚಾರಿಸಿದ್ದಾಗಿ ತಿಳಿದುಬಂದಿದೆ.

ಈ ನಿಯಮಗಳು ತಕ್ಷಣದಿಂದ, ಹಾಗೂ ಸಾಧ್ಯವಾದಲ್ಲಿ ಹಿಂದಿನ ವರ್ಷಗಳಿಗೂ ಅನ್ವಯವಾಗುತ್ತವೆ.

(ಸಹಿ)
ಚನ್ನವೀರ
ಮುಖ್ಯಸ್ಥರು, ರಫ್ತು ನಿಯಮ ಪಾಲನಾ ವಿಭಾಗ

ಪ್ರತಿಗಳು:
1. ಕಂಪನಿಯ ಕಾನೂನು ಸಲಹೆಗಾರರಿಗೆ. ಅವರಿಗೆ ಕನ್ನಡ ಬಾರದಿರುವುದರಿಂದ ಆಕ್ಷೇಪಣೆ ಇಲ್ಲವೆಂದು ಭಾವಿಸಲಾಗಿದೆ.
2. ಶ್ರೀ ಅರವಿಂದ ಅವರಿಗೆ, ಕುರ್ಚಿಯ ಚಕ್ರ ಸರಿಪಡಿಸಿಕೊಳ್ಳುವ ಸೂಚನೆಯೊಂದಿಗೆ.
3. ಬಂದರು ಪಟ್ಟಣದ ಅಂಚೆ ಕಚೇರಿಗೆ. ಫೋನಿನಲ್ಲಿ ಓದಿ ಹೇಳತಕ್ಕದ್ದು. ನಿನ್ನೆಯಿಂದ ಲೈನು ಬಿಡುವಿಲ್ಲದ ಕಾರಣ ಪ್ರಯತ್ನ ಮುಂದುವರಿದಿದೆ.
4. ಲಾಂಗ್ ಬೀಚ್‌ನ ತಮ್ಮನಿಗೆ. ಈ ಪ್ರತಿಯನ್ನು ವಾಟ್ಸಾಪ್ ಮಾಡತಕ್ಕದ್ದಲ್ಲ. ಶನಿವಾರ ಕೆಳಸಹಿದಾರರು ಕುಟುಂಬ ಸಮೇತರಾಗಿ ಖುದ್ದು ತಲುಪಿಸುವರು. ಊಟ ಅಲ್ಲೇ.