ಕಲ್ಲಂಗಡಿಯ ನಾದಪರೀಕ್ಷೆ

ನನ್ನ ಕಿವಿಗೆ ಏನೂ ಆಗಿಲ್ಲ, ಈಗಿನ ಜನಕ್ಕೇ ಬಾಯಿಬಿಟ್ಟು ಮಾತಾಡುವುದು ಮರೆತುಹೋಗಿದೆ. ಹೋದ ತಿಂಗಳವರೆಗೂ ನಾನು ಇದನ್ನು ಮನಸಾರೆ ನಂಬಿದ್ದೆ. ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗುತ್ತಿದ್ದೆ.

ರೈಲ್ವೆಯಲ್ಲಿ ಮೂವತ್ತೊಂದು ವರ್ಷ ನಾನು ಮಾಡಿದ್ದು ಒಂದೇ ಕೆಲಸ. ನಿಂತ ರೈಲಿನ ಗಾಲಿಗಳನ್ನು ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿ, ಬಿರುಕಿದೆಯೋ ಇಲ್ಲವೋ ಹೇಳುವುದು. 'ಠಣ್' ಎಂದರೆ ಗಾಡಿ ಹೊರಡಬಹುದು, 'ಠಕ್' ಎಂದರೆ ನಿಲ್ಲಬೇಕು. (ನನ್ನ ಮಾತಿಗೆ ರೈಲು ನಿಲ್ಲುತ್ತಿತ್ತು. ಮನೆಯಲ್ಲಿ ಮಿಕ್ಸಿಯೂ ನಿಲ್ಲುತ್ತಿರಲಿಲ್ಲ, ಅದು ಬೇರೆ ವಿಷಯ.) ನಿವೃತ್ತಿಯಾದ ಮೇಲೆ ಆ ಮಹಾವಿದ್ಯೆಗೆ ಉಳಿದದ್ದು ವರ್ಷಕ್ಕೊಂದೇ ದಿನ. ಹೊಳೆದಂಡೆಯ ಮರಳಿನಲ್ಲಿ ಬೆಳೆದ ಕಲ್ಲಂಗಡಿ ಬೇಸಿಗೆಯಲ್ಲಿ ಮೂರೇ ವಾರ ನಮ್ಮ ಬೀದಿಗೆ ಬರುತ್ತದೆ. ಆಗ ಒಂದು ಭಾನುವಾರ ಬೀದಿಯವರೆಲ್ಲ ತುದಿಯ ದೊಡ್ಡ ಮರದ ಕೆಳಗೆ ಚಾಪೆ ಹಾಸಿ ಕೂತು ಹಣ್ಣು ತಿನ್ನುತ್ತೇವೆ. ಲಾರಿಯ ರಾಶಿಯಿಂದ ಹನ್ನೆರಡು ಹಣ್ಣು ತಟ್ಟಿ ಆರಿಸುವ ಪರಮಾಧಿಕಾರ ನನ್ನದು. ಹೆಂಡತಿ ಹಿಂದೆ ಚೀಲ ಹಿಡಿದು ನಿಲ್ಲುತ್ತಾಳೆ. ಹೋದ ವರ್ಷದವರೆಗೆ ಒಂದು ಹಣ್ಣೂ ಒಳಗೆ ಬಿಳಿ ಬಂದದ್ದಿಲ್ಲ. "ಕಿವಿ ಅಂದ್ರೆ ನಿಮ್ದು" ಎಂದು ಎದುರುಮನೆ ದರ್ಜಿ ಹೇಳುವ ಒಂದು ಮಾತಿನ ಮೇಲೆ ನಾನು ಇಡೀ ವರ್ಷ ಬದುಕುತ್ತೇನೆ. ಉತ್ಪ್ರೇಕ್ಷೆಯಲ್ಲ, ನನಗೆ ಬೇರೆ ಏನೂ ಉಳಿದಿಲ್ಲ.

ಈ ಸಲ ಹೊರಡುವಾಗ ಹೆಂಡತಿ ತಗಾದೆ ತೆಗೆದಳು.

"ಇವತ್ತು ನಾನೇ ಆರಿಸ್ತೀನಿ. ನೀವು ಚೀಲ ಹಿಡ್ಕೊಳ್ಳಿ ಸಾಕು."

"ನೀನಾ? ಸದ್ದಿನ ವಿಷಯ ನಿನಗೇನೇ ಗೊತ್ತು?"

"ಸದ್ದು ಯಾಕೆ ಬೇಕು? ಕಣ್ಣಿದೆಯಲ್ಲ."

"ನಿನ್ನ ಹತ್ರ ನಾದದ ಮಾತಾಡೋದು ಒಂದೇ, ಕೋಣನ ಮುಂದೆ ಕಿನ್ನರಿ ಬಾರಿಸೋದು ಒಂದೇ."

ಅವಳು ಚೀಲ ಕೆಳಗಿಟ್ಟಳು. "ಸರಿ. ಕಿನ್ನರಿ ತಗೊಂಡು ನೀವೊಬ್ರೇ ಹೋಗಿ."

ಹೋದೆ. ಲಾರಿಯವನು ನನ್ನ ಬೆನ್ನ ಹಿಂದೆ ಇಣುಕಿ ಏನೋ ಕೇಳಿದ. ಮೂರನೇ ಸಲ ಕೂಗಿ ಹೇಳಿದ ಮೇಲೆ ಗೊತ್ತಾಯಿತು, "ಅಮ್ಮ ಬರ್ಲಿಲ್ವಾ?" ಅಂತ. "ಅಮ್ಮನಿಗೇನು ಕೆಲಸ ಇಲ್ಲಿ?" ಎಂದು ತಟ್ಟಲು ಶುರುಮಾಡಿದೆ. ಎಲ್ಲ ಹಣ್ಣೂ ಒಂದೇ ಸದ್ದು ಕೊಟ್ಟವು. ಈ ವರ್ಷ ಬೆಳೆ ಒಂದೇ ಸಮ ಬಂದಿದೆ ಎಂದು ಸಂತೋಷಪಟ್ಟೆ.

ಮರದ ಕೆಳಗೆ ದರ್ಜಿ ಮೊದಲ ಹಣ್ಣು ಹೆಚ್ಚಿದ. ಬಿಳಿ. ಎರಡನೆಯದೂ ಬಿಳಿ. ನಾಲ್ಕನೆಯದಕ್ಕೆ ಜನ ಮಾತು ನಿಲ್ಲಿಸಿದರು. ಹನ್ನೆರಡರಲ್ಲಿ ಹನ್ನೊಂದು ಬಿಳಿ. ಯಾರೂ ಬಯ್ಯಲಿಲ್ಲ. ಮಹಡಿ ಮನೆ ಟೀಚರಮ್ಮ ಉಪ್ಪು ತರಿಸಿದರು. ದರ್ಜಿ ಒಂದು ಹೋಳು ಕಚ್ಚಿ, ನನ್ನ ಮುಖ ನೋಡದೆ, "ತಂಪಾಗಿದೆ" ಎಂದ. ಆಮೇಲೆ ಎಲ್ಲರೂ ತಂಪಾಗಿದೆ, ತಂಪಾಗಿದೆ ಎನ್ನುತ್ತಾ ಆ ಬಿಳಿ ಹೋಳುಗಳನ್ನು ಉಪ್ಪು ಹಚ್ಚಿ ತಿಂದು ಮುಗಿಸಿದರು. ಬಯ್ದಿದ್ದರೇ ವಾಸಿಯಿತ್ತು. ಅವರ ದಾಕ್ಷಿಣ್ಯಕ್ಕೆ ನನಗೆ ಅಳು ಬಂತು.

ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ಕೇಳಿದಳು, "ಎಷ್ಟು ಬಿಳಿ?"

"ಹನ್ನೊಂದು."

"ಒಂದು ಕೆಂಪಿತ್ತಾ? ಪರವಾಗಿಲ್ಲ."

ಆಮೇಲೆ ನನ್ನೆದುರು ಸ್ಟೂಲ್ ಎಳೆದುಕೊಂಡು ಕೂತು, ಒಂದೊಂದೇ ಮಾತು ಬಿಡಿಸಿ ಹೇಳಿದಳು. "ನೆಲಕ್ಕೆ ತಾಗಿದ ಕಡೆ ಹಳದಿ ಮಚ್ಚೆ ಇದ್ರೆ ಅದು ಬಳ್ಳಿಯಲ್ಲೇ ಹಣ್ಣಾಗಿದೆ ಅಂತ. ನೀವು ತಟ್ಟಿ ಕೊಟ್ಟಿದ್ದನ್ನ ರಾಶಿಗೆ ವಾಪಸ್ ಇಟ್ಟು, ಅಂಥದ್ದನ್ನ ಚೀಲಕ್ಕೆ ಹಾಕ್ತಿದ್ದೆ. ನಾಲ್ಕು ವರ್ಷ ಆಯ್ತು. ಈ ವರ್ಷ ಸೊಂಟ ನೋವು, ಬಗ್ಗಿ ಬಗ್ಗಿ ಬದಲಾಯಿಸೋಕೆ ಆಗಲ್ಲ. ಅದಕ್ಕೇ ನೇರ ಕೇಳಿದ್ದು. ನೀವು ಕೋಣ ಅಂದ್ರಿ."

ಹಣ್ಣು ಹಾಳಾಗಲಿ. ನೌಕರಿಯ ಕೊನೆಯ ದಿನಗಳಲ್ಲಿ ನಾನು ತಟ್ಟಿ, ಹೋಗಲಿ ಎಂದು ಕೈ ಬೀಸಿದ ಗಾಲಿಗಳು? ಅವುಗಳ ಮೇಲೆ ಕೂತು ಹೋದ ಜನ? ಬಾಯಿ ಬಿಟ್ಟು ಕೇಳಿರಲಿಲ್ಲ, ಆದರೂ ಅವಳೇ ಹೇಳಿದಳು.

"ನಿವೃತ್ತಿಯಾಗಿ ಆರು ವರ್ಷ, ಕಿವಿ ಹೋಗಿ ನಾಲ್ಕು. ನಾನೂ ಹೆದರಿ ಲೆಕ್ಕ ಹಾಕಿದ್ದೀನಿ. ಊಟಕ್ಕೆ ಏಳಿ."

"ಕಿವಿ ಹೋಗಿದೆ ಅಂತ ನಂಗೆ ಮೊದಲೇ ಹೇಳಬಾರದಿತ್ತಾ?"

"ಹೇಳಿದ್ದೆ. ನಾಲ್ಕು ವರ್ಷದಿಂದ ಹೇಳ್ತಾನೇ ಇದ್ದೀನಿ."

ಹಣ್ಣಿನ ಕಾಲ ಇನ್ನೂ ಒಂದು ವಾರ ಉಳಿದಿತ್ತು. ಮುಂದಿನ ಭಾನುವಾರ ಮತ್ತೆ ಸೇರೋಣ ಎಂದು ಬೀದಿ ತೀರ್ಮಾನಿಸಿತು. ಆರಿಸುವವರು ಯಾರು ಎಂದು ಯಾರೂ ಕೇಳಲಿಲ್ಲ, ಅಂದರೆ ಎಲ್ಲರಿಗೂ ಗೊತ್ತಿತ್ತು. ಈ ಸಲ ಹೆಂಡತಿ ಮುಂದೆ, ನಾನು ಚೀಲ ಹಿಡಿದು ಹಿಂದೆ. ಸುತ್ತಿಗೆ ಹಿಡಿದು ಪಳಗಿದ ಕೈಗೆ ಚೀಲ ಭಾರವೆನಿಸಿತು. ಅವಳು ಒಂದನ್ನೂ ತಟ್ಟಲಿಲ್ಲ, ಕೂತಲ್ಲೇ ಹಣ್ಣು ಮಗುಚಿ ಹೊಟ್ಟೆ ನೋಡಿ ಎತ್ತಿ ಕೊಡುತ್ತಿದ್ದಳು. ಹಾಗೆ ಕೊಡುವಾಗ ತಿರುಗದೆ ಏನೋ ಅಂದಳು. ಲಾರಿಯವನು ನಕ್ಕ. ಅಭ್ಯಾಸಬಲದಿಂದ 'ಹೂಂ' ಎನ್ನಲು ಬಾಯಿ ತೆರೆದವನು ತಡೆದುಕೊಂಡೆ.

"ಕೇಳಿಸ್ಲಿಲ್ಲ ಕಣೇ" ಎಂದೆ. ನಾಲ್ಕು ವರ್ಷದಲ್ಲಿ ಮೊದಲ ಸಲ ಈ ಮಾತು ಒಪ್ಪಿಕೊಂಡಿದ್ದೆ.

ಅವಳು ಸೊಂಟ ಹಿಡಿದುಕೊಂಡು ಎದ್ದು ಬಂದಳು. ನನ್ನ ಕಿವಿಯ ಹತ್ತಿರ ಬಾಯಿಟ್ಟು, ಮರದ ಕೆಳಗೆ ಚಾಪೆ ಹಾಸುತ್ತಿದ್ದವರಿಗೂ ಕೇಳುವ ಹಾಗೆ ಹೇಳಿದಳು.

"ಕೋಣ ಅಂದೆ, ರೀ."